ಬ್ಯಾಗ್ ನಿಮ್ಮದು, ಹವಳ ಯಾರದ್ದು?

ಶಿವಮೊಗ್ಗ ಕಡೆಯ ಟೀಚರ್ ಒಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮುಕ್ಕಾಲು ಪಾಲು ದುಡ್ಡಿನ ಲೆಕ್ಕವೇ. ಕಾಲೇಜಿನ ಕಾಲದ ನಾಲ್ವರು ಗೆಳತಿಯರು ಗಂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಅಂಡಮಾನಿಗೆ ಹೋಗಿದ್ದರು. ಹ್ಯಾವ್‌ಲಾಕ್ ದ್ವೀಪ, ರಾಧಾನಗರ ಬೀಚ್ ಎಲ್ಲಾ ಚೆನ್ನಾಗೇ ಆಯಿತು. ವಾಪಸ್ ಬರುವ ದಿನ ಗಾಳಿ ಎದ್ದು ಪೋರ್ಟ್ ಬ್ಲೇರ್‌ಗೆ ಹೋಗುವ ಬೆಳಗಿನ ಫೆರ್ರಿ ರದ್ದಾಯಿತು. ಮಧ್ಯಾಹ್ನದ ಬೆಂಗಳೂರು ವಿಮಾನ ತಪ್ಪಿತು. ಹೊಸ ಟಿಕೆಟ್ಟಿಗೆ ದುಪ್ಪಟ್ಟು ದರ, ನಾಲ್ಕೂ ಇವರ ಕಾರ್ಡಿನಲ್ಲೇ. ಇಬ್ಬರು ದುಡ್ಡು ಕೊಟ್ಟಿದ್ದಾರೆ, ಒಬ್ಬಳು ಕೊಟ್ಟಿಲ್ಲ. ‘ಕೇಳಿದರೆ ಸ್ನೇಹ ಹೋಗುತ್ತೆ, ಕೇಳದಿದ್ದರೆ ನಿದ್ದೆ ಬರಲ್ಲ’ ಎನ್ನುತ್ತಾರೆ.

ಇನ್ನು ಪತ್ರದ ಕೊನೆಗೆ, ಸಹಿ ಹಾಕುವ ಮುಂಚೆ, ಹೋಗ್ತಾ ಹೋಗ್ತಾ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ಇವರ ಬ್ಯಾಗ್ ಬಿಚ್ಚಿಸಿದರಂತೆ. ಚೂಡಿದಾರದ ಅಡಿಯಲ್ಲಿ, ಕಾಲುಚೀಲದೊಳಗೆ, ಅಂಗೈ ಅಗಲದ ಬಿಳಿ ಹವಳದ ಕೊಂಬೆ ಸಿಕ್ಕಿತು. ಇಟ್ಟವಳು ಅದೇ ದುಡ್ಡು ಕೊಡದ ಗೆಳತಿ. ತನ್ನ ಬ್ಯಾಗಿನಲ್ಲಿ ಜಾಗ ಇರಲಿಲ್ಲವಂತೆ! ಇವರು ಕೈಕಟ್ಟಿ ನಿಂತು ಬೈಸಿಕೊಳ್ಳುವಾಗ ಅವಳು ಆಚೆ ನಿಂತು ಫೋನ್ ನೋಡುತ್ತಿದ್ದಳು. ಹವಳ ಕಿತ್ತಿಟ್ಟುಕೊಂಡು, ಎಚ್ಚರಿಕೆ ಕೊಟ್ಟು ಕಳಿಸಿದರು. ‘ಸ್ವಲ್ಪ ಮುಜುಗರ ಆಯ್ತು’ ಎಂದು ಬರೆದು ಮುಗಿಸಿದ್ದೀರಿ.

ನೋಡಿ ಟೀಚರ್, ಹವಳ ಅಂದರೆ ಕಲ್ಲಲ್ಲ. ತೀರಾ ಸಣ್ಣ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲ ಅನುಸೂಚಿಯಲ್ಲೇ ಅದೂ ಇದೆ. ದಂಡೆಯಲ್ಲಿ ಸತ್ತು ಬಿದ್ದಿದ್ದ ತುಂಡು ಅಂದರೂ ನಡೆಯಲ್ಲ. ಕೇಸ್ ಆದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ. ನಿಮ್ಮದು ಸರ್ಕಾರಿ ನೌಕರಿ. ಆ ದಿನ ತಪಾಸಣೆಗೆ ನಿಂತವರು ಬೇರೆ ಸ್ವಭಾವದವರಾಗಿದ್ದರೆ ನೀವು ಈಗ ನನಗಲ್ಲ, ವಕೀಲರಿಗೆ ಪತ್ರ ಬರೆಯುತ್ತಿದ್ದಿರಿ.

ಹವಳ ಎತ್ತಿಕೊಂಡಿದ್ದಕ್ಕೆ ಆ ಗೆಳತಿಯ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಮರಳಲ್ಲಿ ಬಿದ್ದಿದ್ದನ್ನು ಎತ್ತಿಕೊಂಡರೆ ಏನಾಯಿತು ಅಂದುಕೊಳ್ಳುವವರು ಬಹಳ. ಸುಮ್ಮನೆ ನಿಂತಿದ್ದಳಲ್ಲ, ಅದಕ್ಕೆ ಸಿಟ್ಟು. ಅದಕ್ಕಿಂತ ಜಾಸ್ತಿ ಸಿಟ್ಟು ನಿಮ್ಮ ರೂಮಿನಲ್ಲಿದ್ದ ಇನ್ನೊಬ್ಬಳ ಮೇಲೆ. ಹವಳ ನಿಮ್ಮ ಬ್ಯಾಗಿಗೆ ತುರುಕುವುದನ್ನು ಇವಳು ಕಣ್ಣಾರೆ ನೋಡಿದ್ದಳು, ಆಮೇಲೆ ‘ಏನೂ ಆಗ್ಲಿಲ್ವಲ್ಲ, ಬಿಡೇ ಮಾರಾಯ್ತಿ’ ಅಂದಳು ಎಂದು ನೀವೇ ಬರೆದಿದ್ದೀರಿ. ಪ್ರತಿ ಗುಂಪಿನಲ್ಲೂ ಇಂಥ ಒಬ್ಬಳು ಇರುತ್ತಾಳೆ. ಎಲ್ಲರಿಗೂ ಬೇಕಾದವಳು. ಗುಂಪು ಕೆಡುವುದು ಇವರಿಂದಲೇ ಅಂತ ಈ ಅಂಕಣದಲ್ಲಿ ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ಫೆರ್ರಿ ವಿಷಯಕ್ಕೆ ಯಾರನ್ನೂ ದೂರಬೇಡಿ. ಫೆರ್ರಿ ನಿಂತಿತು ಅಂತ ವಿಮಾನ ಕಾಯುವುದಿಲ್ಲ, ಎರಡೂ ಬೇರೆ ಟಿಕೆಟ್. ದ್ವೀಪಕ್ಕೆ ಹೋದವರು ಕೊನೆಯ ರಾತ್ರಿ ವಿಮಾನ ನಿಲ್ದಾಣ ಇರುವ ಊರಲ್ಲೇ ಮಲಗಬೇಕು. ನಿಮ್ಮಲ್ಲಿ ಇಬ್ಬರು ಹಿಂದಿನ ದಿನ ಸ್ಕೂಬಾ ಡೈವಿಂಗ್ ಬೇರೆ ಮಾಡಿದ್ದರು. ಒಂದು ಸಲ ಇಳಿದವರು ಕನಿಷ್ಠ 12 ಗಂಟೆ, ಹೆಚ್ಚು ಸಲ ಇಳಿದವರು 18 ಗಂಟೆ ವಿಮಾನ ಹತ್ತಬಾರದು. ಸಾಯಂಕಾಲ ಹೆಚ್ಚು ಸಲ ಇಳಿದು ಮರುದಿನ ಬೆಳಗಿನ ವಿಮಾನವೇ ಹತ್ತಿದ್ದರೆ ದೇಹಕ್ಕೆ ಅಪಾಯವಿತ್ತು.

ಈಗ ಮಾಡಬೇಕಾದ್ದು ಒಂದೇ. ಆ ಗೆಳತಿಯನ್ನು ಮನೆಗೆ ಕರೆಯಿರಿ. ಫೋನಲ್ಲಿ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. ‘ಬಿಡೇ ಮಾರಾಯ್ತಿ’ಯನ್ನೂ ಕರೆಯಬೇಡಿ. ಕಾಫಿ ಕೊಟ್ಟು ಕೇಳಿ: ‘ಅದು ನಂದು ಅಂತ ಅಲ್ಲಿ ಯಾಕೆ ಹೇಳಲಿಲ್ಲ?’ ಕೇಳಿ ಸುಮ್ಮನಾಗಿ. ಅವಳ ಬದಲು ನೀವೇ ಉತ್ತರ ಹುಡುಕಿ ಕೊಡಬೇಡಿ, ಅದು ನಿಮಗೆ ಅಭ್ಯಾಸ ಅಂತ ಪತ್ರ ನೋಡಿದರೇ ಗೊತ್ತಾಗುತ್ತೆ. ಭಯ ಆಯ್ತು ಅಂದರೆ ಕ್ಷಮಿಸಿಬಿಡಿ, ಭಯ ಯಾರಿಗೂ ಆಗುತ್ತೆ. ನಕ್ಕು ಮಾತು ಮರೆಸಿದರೆ ಮುಂದಿನ ಟ್ರಿಪ್ಪಿಗೆ ಅವಳನ್ನು ಬಿಟ್ಟು ಟಿಕೆಟ್ ಮಾಡಿಸಿ.

ಟಿಕೆಟ್ ದುಡ್ಡಿನ ಮಾತು ಆ ದಿನ ಎತ್ತಬೇಡಿ. ಮರುದಿನ ಮೊತ್ತ ಮತ್ತು ನಿಮ್ಮ ಯುಪಿಐ ನಂಬರ್ ಹಾಕಿ ಒಂದು ಮೆಸೇಜ್ ಕಳಿಸಿ. ಅದಕ್ಕೆ ಕಾಫಿ ಬೇಕಾಗಿಲ್ಲ.