‘ಗದ್ದಲ ಬರುತ್ತಿದೆ’ ಎಂದು ಕೇಳಿದರೆ ಯಾರೂ ಉತ್ತರಿಸುವುದಿಲ್ಲ, ಹೊಸಬರು ಹೇಗೆ ಕೇಳಬೇಕು?

ಯಾದಗಿರಿಯಿಂದ ಬರೆದಿದ್ದೀರಿ. ನಿಮ್ಮ ಮುತ್ಯಾ ಹಾಡುವ ತತ್ವಪದಗಳನ್ನು ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೀರಿ. ಧ್ವನಿಯ ಜೊತೆ ಗದ್ದಲವೂ ಬರುತ್ತಿದೆ. ಆನ್‌ಲೈನಿನಲ್ಲಿ ಎರಡು ಕಡೆ ಸಹಾಯ ಕೇಳಿದ್ದೀರಿ. ಒಂದು ಕಡೆ ಯಾರೂ ಮಾತನಾಡಲಿಲ್ಲ, ಇನ್ನೊಂದು ಕಡೆ ‘ಮೊದಲು ಕೈಪಿಡಿ ಓದಿ’ ಎಂದರು. ಏನೂ ಗೊತ್ತಿಲ್ಲದವರು ಅಲ್ಲಿ ಕೇಳಲೇಬಾರದೆ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಕೇಳಬೇಕು. ನಾನು ಕಲಬುರಗಿಯವನು. ಸುತ್ತಲಿನ ಊರುಗಳ ಭಜನಾ ಮಂಡಳಿಗಳ ಹಾಡುಗಳನ್ನು ಕೆಲವು ವರ್ಷಗಳಿಂದ ದಾಖಲಿಸುತ್ತಿದ್ದೇನೆ. ನನಗೆ ಗೊತ್ತಿರುವುದೆಲ್ಲ ಅಪರಿಚಿತರನ್ನು ಕೇಳಿ ಕಲಿತದ್ದು. ಆದರೆ ನನ್ನ ಮೊದಲ ಪ್ರಶ್ನೆಯೂ ನಿಮ್ಮದರಂತೆಯೇ ಇತ್ತು: ‘ಧ್ವನಿ ಚೆನ್ನಾಗಿ ಬರುತ್ತಿಲ್ಲ, ಏನು ಮಾಡಬೇಕು?’ ಎರಡು ದಿನ ಯಾರೂ ಉತ್ತರಿಸಲಿಲ್ಲ. ಮೂರನೆಯ ದಿನ ಒಬ್ಬರು ಬರೆದರು: ರೆಕಾರ್ಡಿಂಗ್ ಚಾಲೂ ಮಾಡಿ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಮೈಯನ್ನು ಕೆರೆಯಿರಿ, ಯಾವುದಕ್ಕೆ ಪರದೆಯ ಮೇಲಿನ ಧ್ವನಿಮಟ್ಟದ ಮೀಟರ್ ಜಿಗಿಯುತ್ತದೆ ನೋಡಿ ಹೇಳಿ. ಲ್ಯಾಪ್‌ಟಾಪಿಗೆ ಜಿಗಿಯಿತು. ದುಡ್ಡು ಕೊಟ್ಟು ತಂದ ಮೈಕು ಹಾಡುವವರ ಮುಂದೆ ನಿಂತಿತ್ತು, ಸಾಫ್ಟ್‌ವೇರ್ ಮಾತ್ರ ಎರಡು ತಿಂಗಳಿಂದ ಲ್ಯಾಪ್‌ಟಾಪಿನೊಳಗಿನ ಪುಟ್ಟ ಮೈಕಿನಿಂದಲೇ ಕೇಳಿಸಿಕೊಳ್ಳುತ್ತಿತ್ತು. ರೆಕಾರ್ಡಿಂಗ್ ಸಾಧನದ ಪಟ್ಟಿಯಲ್ಲಿ ಹೆಸರು ಬದಲಿಸಿದೆ, ಅಷ್ಟೇ. ಆ ಎರಡು ತಿಂಗಳಲ್ಲಿ ಹಾಡಿದ್ದ ಹಿರಿಯರೊಬ್ಬರನ್ನು ಮತ್ತೆ ದಾಖಲಿಸುವ ಅವಕಾಶ ಸಿಗಲಿಲ್ಲ. ಅದು ಇಂದಿಗೂ ನೋಯುತ್ತದೆ. ಯಾವ ಮೈಕು, ಪಟ್ಟಿಯಲ್ಲಿ ಯಾವ ಹೆಸರು ಆರಿಸಿದೆ ಎಂಬೆರಡು ಮಾತು ಪ್ರಶ್ನೆಯಲ್ಲಿ ಇದ್ದಿದ್ದರೆ ಮೊದಲ ದಿನವೇ ಯಾರಾದರೂ ಗುರುತಿಸುತ್ತಿದ್ದರು.

ಈಗ ನಿಮ್ಮ ‘ಗದ್ದಲ’ಕ್ಕೆ ಬರೋಣ. ಅದೊಂದೇ ಪದದಿಂದ ದೂರದಲ್ಲಿ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಆದರೆ ಸದ್ದನ್ನು ಅನುಕರಿಸುವ ಪದಗಳು ನಮ್ಮ ಭಾಷೆಯಲ್ಲಿ ಹೇರಳವಾಗಿವೆ, ಅವನ್ನು ಧಾರಾಳವಾಗಿ ಬಳಸಿ. ‘ಗುಂಯ್’ ಎಂದು ಒಂದೇ ಸಮನೆ ಬರುತ್ತಿದೆಯೇ? ಹಾಗಾದರೆ ಅದು ಹೆಚ್ಚಾಗಿ ಕರೆಂಟಿನ ಸದ್ದು. ನಮ್ಮಲ್ಲಿ ವಿದ್ಯುತ್ ಸೆಕೆಂಡಿಗೆ 50 ಆವರ್ತನಗಳಲ್ಲಿ ಹರಿಯುತ್ತದೆ. ಆ 50 ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಸದ್ದು ದಾಖಲೆಯೊಳಗೆ ನುಸುಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ ನೋಡಿ. ನಿಂತುಹೋದರೆ ಕಾರಣ ಸಿಕ್ಕಂತೆ. ‘ಸ್ಸ್’ ಎಂದು ಸಣ್ಣಗೆ ಬರುತ್ತಿದ್ದರೆ ಮೈಕು ದೂರವಿದ್ದು, ಅದನ್ನು ಸರಿದೂಗಿಸಲು ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಏರಿಸಿರುತ್ತೀರಿ. ಬಾಯಿಯಿಂದ ಒಂದು ಗೇಣಿಗೆ ಮೈಕನ್ನು ತನ್ನಿ. ದೂರ ಅರ್ಧವಾದರೆ ನೇರ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ, ಆಗ ಗೇನ್ ಇಳಿಸಬಹುದು. ‘ಚಟ್ ಚಟ್’ ಎಂದು ನಡುನಡುವೆ ಸಿಡಿಯುತ್ತಿದ್ದರೆ ಕಂಪ್ಯೂಟರಿಗೆ ಧ್ವನಿಯನ್ನು ಹೊತ್ತಿಗೆ ಸರಿಯಾಗಿ ಪಡೆಯಲು ಆಗುತ್ತಿಲ್ಲ ಎಂದರ್ಥ. ಬಫರ್ (ಧ್ವನಿಯನ್ನು ಕಂಪ್ಯೂಟರ್ ತುಸು ಹೊತ್ತು ಕೂಡಿಟ್ಟುಕೊಳ್ಳುವ ಜಾಗ) ಹೆಚ್ಚಿಸಬೇಕು, ಇಲ್ಲವೇ ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಚುಚ್ಚಬೇಕು. ಬಾವಿಯೊಳಗೆ ಹಾಡಿದಂತೆ ಕೇಳಿಸಿದರೆ ತಪ್ಪು ಕೋಣೆಯದು. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಧ್ವನಿಯನ್ನು ಹೀರುವುದಿಲ್ಲ, ಹಿಂದಕ್ಕೆ ಒಗೆಯುತ್ತದೆ. ಎರಡು ಕೌದಿಗಳನ್ನು ನೆಲಕ್ಕೆ ಹಾಸಿ, ಇನ್ನೆರಡನ್ನು ಹಾಡುವವರ ಹಿಂದೆ ಇಳಿಬಿಡಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಹಿರಿಯರನ್ನು ಕೂರಿಸುವುದು ತಪ್ಪು, ಆದ್ದರಿಂದ ನಸುಕಿನಲ್ಲೇ ಮುಗಿಸುತ್ತೇನೆ.

ಇನ್ನೊಂದು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಏಕತಾರಿಯ ಅಥವಾ ಹಾರ್ಮೋನಿಯಂನ ಶ್ರುತಿ ಬರುಬರುತ್ತಾ ಮಾಯವಾಗುತ್ತಿದ್ದರೆ ಗದ್ದಲ ತೆಗೆಯುವ ಸೌಲಭ್ಯವೇ ಅದನ್ನು ನುಂಗುತ್ತಿರಬಹುದು. ಮೀಟಿಂಗಿನ ಮಾತಿಗಾಗಿ ಮಾಡಿದ ಆ ಸೌಲಭ್ಯಕ್ಕೆ ಒಂದೇ ಸಮನೆ ನಿಲ್ಲುವ ನಾದವೆಲ್ಲ ಗದ್ದಲವೇ. ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಅದು ಇದ್ದರೆ ಆಫ್ ಮಾಡಿಬಿಡಿ.

‘ನನ್ನ ಧ್ವನಿ ತಡವಾಗಿ ಬರುತ್ತದೆ’ ಎಂಬ ದೂರೂ ಇಂಥದ್ದೇ. ಹಾಡುತ್ತಿರುವಾಗಲೇ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸುವುದು ಬೇರೆ, ಮೊದಲು ದಾಖಲಿಸಿದ ಹಾಡಿನ ಮೇಲೆ ತಾಳ ಸೇರಿಸಿದಾಗ ಅದು ಹಿಂದೆ ಬೀಳುವುದು ಬೇರೆ. ಬಫರ್ 256 ಸ್ಯಾಂಪಲ್ ಇದ್ದು, ಸ್ಯಾಂಪಲ್ ದರ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬುದು) 48,000 ಇದ್ದರೆ ಬಫರಿನಿಂದಾಗುವ ವಿಳಂಬ ಸುಮಾರು 5 ಮಿಲಿಸೆಕೆಂಡ್, 1024 ಇದ್ದರೆ 21. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದರೆ ಅದೊಂದೇ ನೂರು ದಾಟಿಸಬಲ್ಲದು. ಆದ್ದರಿಂದ ಹೆಡ್‌ಫೋನಿಗೆ ತಂತಿ ಇದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ.

ಪ್ರಶ್ನೆ ಬರೆಯುವಾಗ ಮುತ್ಯಾನ ಬಾಯಿಂದ ಫೈಲಿನವರೆಗೆ ಧ್ವನಿ ನಡೆದುಬರುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳಿ: ಮೈಕಿನ ಹೆಸರು, ಎಷ್ಟು ದೂರದಲ್ಲಿದೆ, ಯಾವುದಕ್ಕೆ ಚುಚ್ಚಿದ್ದೀರಿ, ವಿಂಡೋಸ್ ಯಾವುದು, ಆಡಾಸಿಟಿಯ ಯಾವ ಆವೃತ್ತಿ, ಹಾಡುವಾಗ ಮೀಟರ್ ಎಲ್ಲಿಯವರೆಗೆ ಏರುತ್ತದೆ. ಅದು ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಜೊತೆಗೆ ಐದು ಸೆಕೆಂಡ್ ಮೌನ, ಹತ್ತು ಸೆಕೆಂಡ್ ಹಾಡು ಇರುವ ತುಣುಕನ್ನು ಸೇರಿಸಿ. ಆ ಮೌನ ಮುಖ್ಯ, ಗದ್ದಲ ಒಂಟಿಯಾಗಿ ಕೇಳಿಸುವುದು ಅಲ್ಲಿಯೇ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಬೇಡಿ, ಅದು ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ; ಹಿಂಡದೆ ಉಳಿಸುವ ವೇವ್ (WAV) ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವಿನ ಕೊಂಡಿ ಕೊಡಿ.

ಇಂಗ್ಲಿಷಿನಲ್ಲಿ ಕೇಳಬೇಕಾಗಿ ಬಂದರೆ ಭಾಷೆಗಾಗಿ ಕ್ಷಮೆ ಕೇಳುತ್ತಾ ನಾಲ್ಕು ಸಾಲು ಕಳೆಯಬೇಡಿ. ಪರದೆಯ ಮೇಲಿನ ಹೆಸರುಗಳನ್ನೂ ಅಂಕಿಗಳನ್ನೂ ಇದ್ದಂತೆಯೇ ಬರೆದರೆ ಸಾಕು. ಕದ್ದ ಸಾಫ್ಟ್‌ವೇರ್ ಬಳಸುತ್ತಾ ಅದನ್ನು ಮುಚ್ಚಿಟ್ಟು ಕೇಳಬೇಡಿ; ಆಡಾಸಿಟಿ ಉಚಿತವಾಗಿಯೇ ಸಿಗುತ್ತದೆ, ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ದುಡ್ಡಿಲ್ಲದೆ ಬಳಸಿ ನೋಡಬಹುದು.

‘ಕೈಪಿಡಿ ಓದಿ’ ಎಂದವರ ಮೇಲೆ ಸಿಟ್ಟಾಗಬೇಡಿ, ‘ಯಾವ ಅಧ್ಯಾಯ ಓದಲಿ?’ ಎಂದು ಮರಳಿ ಕೇಳಿ. ನನ್ನ ಅನುಭವದಲ್ಲಿ ಹೆಚ್ಚಿನವರು ಅಧ್ಯಾಯದ ಹೆಸರು ಹೇಳುತ್ತಾರೆ. ಉತ್ತರ ಫಲಿಸಿದರೆ ಏನು ಮಾಡಿದಿರಿ, ಏನಾಯಿತು ಎಂದು ಅಲ್ಲಿಯೇ ಬರೆಯಿರಿ. ನಾಳೆ ಬೀದರಿನ ಯಾರೋ ಅದೇ ‘ಗುಂಯ್’ ಹುಡುಕಿಕೊಂಡು ಅಲ್ಲಿಗೆ ಬರಬಹುದು. ಭಜನೆಯಲ್ಲಿ ಹಿಮ್ಮೇಳದ ಹುಡುಗ ಸೊಲ್ಲು ತಪ್ಪಿದರೆ ಮುಂದೆ ಹಾಡುವವರು ಅದೇ ಸೊಲ್ಲನ್ನು ಇನ್ನೊಮ್ಮೆ ಎತ್ತಿಕೊಡುತ್ತಾರೆ. ಹಾಗೆ ಎತ್ತಿಕೊಡುವ ಜನ ಈ ಗುಂಪುಗಳಲ್ಲೂ ಇದ್ದಾರೆ, ನಾನು ಕಂಡಿದ್ದೇನೆ.

ನಿಮ್ಮ ಕೆಲಸ ತಡವಾಗಬಾರದು ಎಂಬ ಆತುರ ನನಗಿದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಪುಸ್ತಕದಲ್ಲಿ ಸಿಗುತ್ತವೆ, ನಿಮ್ಮ ಮುತ್ಯಾ ಅವನ್ನು ಎತ್ತುವ ಧಾಟಿ ಅವರ ಕೊರಳಲ್ಲಿ ಮಾತ್ರ ಇದೆ. ಇವತ್ತೇ ಮೈಕಿನ ಜಾಲರಿ ಕೆರೆದು ನೋಡಿ, ಚಾರ್ಜರ್ ಕಿತ್ತು ಒಮ್ಮೆ ದಾಖಲಿಸಿ, ಹದಿನೈದು ಸೆಕೆಂಡಿನ ಆ ತುಣುಕಿನ ಕೊಂಡಿಯನ್ನು ಈ ಉತ್ತರದ ಕೆಳಗೆ ಹಾಕಿ. ರಾತ್ರಿ ಕೇಳಿ ಬರೆಯುತ್ತೇನೆ. ಅವರು ಏಕತಾರಿಯನ್ನು ಯಾವ ಭುಜಕ್ಕೆ ಒರಗಿಸಿಕೊಳ್ಳುತ್ತಾರೆ ಎಂಬುದನ್ನೂ ತಿಳಿಸಿ, ಮೈಕನ್ನು ಯಾವ ಬದಿಗೆ ಇಡಬೇಕೆಂದು ಆಗ ಹೇಳಬಲ್ಲೆ.