ಬಂಡೆ ಮೇಲಿನ ಹಸಿರೆಲ್ಲ ಟಕಾಕಿಯಾ ಅಲ್ಲ

ಪ್ರಶ್ನೆ: ಡಿಸೆಂಬರ್‌ನಲ್ಲಿ ಕುಮಾರಧಾರಾ ಹೊಳೆಯ ಬಂಡೆ ಮೇಲೆ ಪಾಚಿಯಂಥದ್ದು ಕಂಡಿತು. ಸಣ್ಣ ಕಡ್ಡಿಗಳು, ತುದಿಯಲ್ಲಿ ಒಂದೊಂದು ಕಾಯಿ. ಅಳಿವಿನ ಅಂಚಿನಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಓದಿದ ಟಕಾಕಿಯಾ ಅನ್ನುವ ಅಪರೂಪದ ಹಾವಸೆ (ಮಾಸ್) ಇದೇನಾ?

ಉತ್ತರ: ಅಲ್ಲ. ಆ ಮೆಸೇಜ್ ಓಡಾಡಲು ಶುರುವಾದಾಗಿನಿಂದ ಇದೇ ಪ್ರಶ್ನೆ. ಟಕಾಕಿಯಾ ಟಿಬೆಟ್‌ನಲ್ಲಿ ಸಿಗುವುದು 4,000 ಮೀಟರ್‌ಗೂ ಮೇಲೆ, ಎಷ್ಟೋ ತಿಂಗಳು ಹಿಮದಡಿ. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ.

ನೀವು ಕಂಡದ್ದು ಹಾವಸೆಯೇ ಅಲ್ಲ, ಹೂ ಬಿಡುವ ಗಿಡ. ಪೊಡೊಸ್ಟೆಮೇಸಿ ಕುಟುಂಬದ್ದು. ಘಟ್ಟದ ಹೊಳೆಗಳಲ್ಲಿ ಬೇಕಾದಷ್ಟಿದೆ. ಮುರುಗಲು, ಉಪ್ಪಾಗೆ, ಸುರಹೊನ್ನೆ ಮರಗಳಿಗೆ ದೂರದ ನೆಂಟ ಅಂದರೆ ನಂಬುತ್ತೀರಾ? ಮಳೆಗಾಲವಿಡೀ ರಭಸದ ನೀರಿನಡಿ ಬಂಡೆ ಕಚ್ಚಿಕೊಂಡಿರುತ್ತದೆ. ನೀರಿಳಿದು ಬಂಡೆ ಬಿಸಿಲಿಗೆ ಬಂದದ್ದೇ ತಡ, ಗಡಿಬಿಡಿಯಲ್ಲಿ ಹೂ ಬಿಟ್ಟು, ಕಾಯಿ ಕಟ್ಟಿ, ಒಣಗುತ್ತದೆ. ಧೂಳಿನಂಥ ಬೀಜ ಒದ್ದೆಯಾದರೆ ಅಂಟಂಟಾಗಿ ಬಂಡೆಗೇ ಹತ್ತಿಕೊಳ್ಳುತ್ತದೆ.

ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಕಡ್ಡಿ, ಕಾಯಿ. ಹಾವಸೆಗೂ ಅಂಥದ್ದೇ ಇರುತ್ತದೆ, ಒಪ್ಪಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ನೋಡಿ. ಹಾವಸೆಯದಾದರೆ ಸಾಮಾನ್ಯವಾಗಿ ತುದಿಗೊಂದು ಪುಟ್ಟ ಮುಚ್ಚಳ. ಅದು ಬಿದ್ದರೆ ಬಾಯಿ ಸುತ್ತ ಸಣ್ಣ ಹಲ್ಲು. ಒಳಗಿರುವುದು ಬೀಜವಲ್ಲ, ಬೀಜಾಣು. ನಿಮ್ಮ ಗಿಡದ ಕಾಯಿ ಮೇಲಿಂದ ಕೆಳಗೆ ಸೀಳಿ ಹೋಳಾಗುತ್ತದೆ. ಸ್ವಲ್ಪ ಮೊದಲೇ ಹೋಗಿದ್ದರೆ ಕೇಸರಗಳೇ ಕಾಣುತ್ತಿದ್ದವು. ಹಾವಸೆಗೆ ಕೇಸರ ಎಲ್ಲಿಂದ ಬರಬೇಕು? ಹಸಿರಾಗಿ ಜಾರುವುದಕ್ಕೆಲ್ಲ ಪಾಚಿ ಅಂದುಬಿಡುತ್ತೇವಲ್ಲ, ಗೊಂದಲ ಅಲ್ಲೇ ಶುರು.

ಹಾಗಂತ ಲೆನ್ಸ್ ಹಿಡಿದು ಹೊಳೆ ನಡುವಿಗೆ ಹೋಗಬೇಡಿ. ಇದೇ ಗಿಡದ ಮೇಲೆ ಕಾಲಿಟ್ಟು ಜಾರಿ ಮೊಣಕಾಲು ಒಡೆದುಕೊಂಡವನು ನಾನು. ಸುಮ್ನೆ ಕೆರೆದು ತರುವುದೂ ಬೇಡ. ಇವತ್ತು ಬೇಕಾದಷ್ಟಿದೆ ನಿಜ, ಆದರೆ ಅಣೆಕಟ್ಟು ಕಟ್ಟಿ ಹರಿಯುವ ನೀರನ್ನು ನಿಲ್ಲಿಸಿದ ಕಡೆ ಇದು ಉಳಿಯುವುದಿಲ್ಲ. ಟಕಾಕಿಯಾಗೆ ಮರುಗುವವರು ಇದನ್ನೂ ಸ್ವಲ್ಪ ವಿಚಾರಿಸಿಕೊಳ್ಳಬಹುದು, ಅಲ್ವಾ?

ಪ್ರಶ್ನೆ: ಇದನ್ನು ಮೀನಿನ ತೊಟ್ಟಿಗೆ ಹಾಕಬಹುದಾ?

ಉತ್ತರ: ಬೇಡ. ನಿಂತ ನೀರಲ್ಲಿ ಕೊಳೆಯುತ್ತದೆ.

ಪ್ರಶ್ನೆ: ಕಲ್ಲಿನ ಮೇಲೆ ಬೆಳೆದದ್ದು ಕಿಡ್ನಿ ಕಲ್ಲು ಕರಗಿಸುತ್ತದೆ ಅಂತ ಒಬ್ಬರು ಪುಡಿ ಮಾರುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಅದು ಕಲ್ಲಿಗೆ ಅಂಟಿಕೊಳ್ಳುವ ಗಿಡ ಮಾರಾಯರೇ, ಕಲ್ಲು ಕರಗಿಸುವುದಲ್ಲ. ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನಮ್ಮ ತಾರಸಿ ಮೇಲಿನ ಪಾಚಿ ಅಪರೂಪದ್ದಿರಬಹುದಾ?

ಉತ್ತರ: ಇಲ್ಲ. ಯಾರಾದರೂ ಜಾರಿ ಬೀಳುವ ಮೊದಲು ಉಜ್ಜಿ ತೊಳೆಯಿರಿ.