ಮ್ಯಾಗ್‌ಪೈ ನನ್ನೊಬ್ಬನ ಮೇಲೇ ಯಾಕೆ ಎರಗುತ್ತದೆ?

ಪ್ರಶ್ನೆ: ನಾವು ಬ್ರಿಸ್ಬೇನ್‌ನಲ್ಲಿದ್ದೇವೆ. ಆಗಸ್ಟ್ ಕೊನೆಯಿಂದ ನಮ್ಮ ರಸ್ತೆ ತಿರುವಿನಲ್ಲಿ ಒಂದು ಮ್ಯಾಗ್‌ಪೈ (ಇಲ್ಲಿನ ಕಪ್ಪು ಬಿಳುಪು ಹಕ್ಕಿ) ನನ್ನ ತಲೆಗೆ ಎರಗುತ್ತಿದೆ. ನಾನು ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವನು. ಅದೇ ದಾರಿಯಲ್ಲಿ ನಡೆದುಹೋಗುವ ಹೆಂಡತಿಯನ್ನು ಅದು ತಿರುಗಿಯೂ ನೋಡುವುದಿಲ್ಲ. ಊರಿಂದ ಬಂದಿರುವ ಅಮ್ಮ, ಹಕ್ಕಿ ತಲೆಗೆ ಕುಕ್ಕುವುದು ಅಪಶಕುನ, ಶನಿಗೆ ಎಳ್ಳೆಣ್ಣೆ ದೀಪ ಹಚ್ಚು ಅನ್ನುತ್ತಿದ್ದಾರೆ. ಅದಕ್ಕೆ ನನ್ನ ಮೇಲೆ ಯಾಕಿಷ್ಟು ಕೋಪ?

ಉತ್ತರ: ಅಮ್ಮನಿಗೆ ಧೈರ್ಯ ಹೇಳಿ. ಆ ತಿರುವಿನ ಹತ್ತಿರ ಯಾವುದೋ ನೀಲಗಿರಿ ಮರದಲ್ಲಿ ಗೂಡಿದೆ, ಎರಗುತ್ತಿರುವುದು ಆ ಗೂಡಿನ ಗಂಡು. ನಮ್ಮ ಕಡೆ ಕಾಗೆ ತಲೆಗೆ ಕುಕ್ಕುವುದೂ ಹೆಚ್ಚಾಗಿ ಮರಿ ಮಾಡಿದಾಗಲೇ ಅಲ್ವಾ?

ಆಸ್ಟ್ರೇಲಿಯಾದ ಮ್ಯಾಗ್‌ಪೈಗಳಲ್ಲಿ ಹೆಣ್ಣು ಒಂದೇ ಸುಮಾರು 20 ದಿನ ಕಾವು ಕೂರುತ್ತದೆ. ಮರಿಗಳು ಗೂಡು ಬಿಡಲು ಇನ್ನೂ ನಾಲ್ಕು ವಾರ ಬೇಕು. ಅಷ್ಟು ದಿನ ಕಾವಲು ಗಂಡಿನದು. ಆದರೂ ಎಲ್ಲ ಗಂಡುಗಳೂ ಎರಗುವುದಿಲ್ಲ. ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರ ಪ್ರಕಾರ ಹೀಗೆ ಮಾಡುವ ಗಂಡುಗಳು ನೂರಕ್ಕೆ ಸುಮಾರು ಹತ್ತು ಮಾತ್ರ. ಅವುಗಳಲ್ಲೂ ಕೆಲವಕ್ಕೆ ನಡೆಯುವವರನ್ನು ಕಂಡರೆ ಆಗದು, ಕೆಲವಕ್ಕೆ ಸೈಕಲ್‌ನವರು, ಇನ್ನು ಕೆಲವಕ್ಕೆ ಅಂಚೆಯವರು. ನಿಮ್ಮ ಪಾಲಿಗೆ ಸಿಕ್ಕಿರುವುದು ಸೈಕಲ್‌ನವರನ್ನು ಕಂಡರಾಗದ ಗಂಡು.

ಇನ್ನೊಂದು ವಿಷಯ. ಈ ಹಕ್ಕಿ ಮುಖ ಗುರುತಿಡುತ್ತದೆ, ವರ್ಷಗಟ್ಟಲೆ ಮರೆಯುವುದಿಲ್ಲ. ನೀವು ಒಮ್ಮೆ ಹೆದರಿ ಕೈ ಬೀಸಿದ್ದರೂ ಸಾಕು, ಅದರ ಲೆಕ್ಕದಲ್ಲಿ ನೀವು ಗೂಡಿಗೆ ಬಂದ ಕಳ್ಳ.

ಇದರ ಬುದ್ಧಿಗೆ ಒಂದು ಉದಾಹರಣೆ ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡ್‌ನ ಸಂಶೋಧಕರು ಐದು ಮ್ಯಾಗ್‌ಪೈಗಳ ಬೆನ್ನಿಗೆ ಅವು ಎಲ್ಲೆಲ್ಲಿ ಹೋಗುತ್ತವೆ ಎಂದು ತಿಳಿಸುವ, ಒಂದು ಗ್ರಾಂಗೂ ಕಡಿಮೆ ತೂಕದ ಟ್ರ್ಯಾಕರ್ ಕಟ್ಟಿದರು. ಕೊನೆಯದನ್ನು ಕಟ್ಟಿ ಹತ್ತು ನಿಮಿಷ ಆಗಿರಲಿಲ್ಲ. ಟ್ರ್ಯಾಕರ್ ಇಲ್ಲದ ಒಂದು ಹೆಣ್ಣು ಬಂದು, ಚಿಕ್ಕ ಹಕ್ಕಿಯ ಬೆನ್ನಿನ ಪಟ್ಟಿಯನ್ನು ಕೊಕ್ಕಿನಿಂದ ಎಳೆದೆಳೆದು ಬಿಡಿಸತೊಡಗಿತು. ತನಗೇನೂ ಲಾಭ ಇಲ್ಲದಿದ್ದರೂ ಬಿಡಿಸಿತು! ಇದು 2022ರಲ್ಲಿ ಪ್ರಕಟವಾಯಿತು. ನನಗಂತೂ ಓದಿ ಬಹಳ ಖುಷಿಯಾಯಿತು.

ಅಂದಹಾಗೆ, ಯುರೋಪಿನ ಮ್ಯಾಗ್‌ಪೈ ಕಾಗೆಯ ಬಳಗದ್ದು, ಇದು ಅಲ್ಲ. ಕಪ್ಪು ಬಿಳುಪು ನೋಡಿ ವಲಸೆ ಬಂದವರು ಅದೇ ಹೆಸರಿಟ್ಟರು. ಇದರ ನೆಂಟ ಬೇಕಿದ್ದರೆ ಕರ್ನಾಟಕದಲ್ಲೇ ಇದ್ದಾನೆ: ತಾಳೆಮರಗಳಿರುವ ಕಡೆ ತಂತಿಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಕೂರುವ ಬೂದು ಬಣ್ಣದ ವುಡ್‌ಸ್ವಾಲೊ.

ಈಗ ಏನು ಮಾಡಬೇಕು? ಸಾಧ್ಯವಾದರೆ ದಾರಿ ಬದಲಿಸಿ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆಗದಿದ್ದರೆ ತಿರುವಿಗೆ ಮುಂಚೆಯೇ ಇಳಿದು ಸೈಕಲ್ ತಳ್ಳಿಕೊಂಡು ಹೋಗಿ. ಹೆಲ್ಮೆಟ್ ತೆಗೆಯಬೇಡಿ. ಕಣ್ಣಿಗೆ ಪೆಟ್ಟು ಬಿದ್ದವರಿದ್ದಾರೆ, ಆದ್ದರಿಂದ ಕನ್ನಡಕ ಬೇಕೇ ಬೇಕು. ಗಾಬರಿಯಲ್ಲಿ ಸೈಕಲ್‌ನಿಂದ ಬಿದ್ದು ಪೆಟ್ಟು ಮಾಡಿಕೊಂಡವರೂ ಇದ್ದಾರೆ. ಕಲ್ಲು ಹೊಡೆಯುವ ಯೋಚನೆಯಂತೂ ಬೇಡ. ಅದು ಕಾನೂನಿನ ರಕ್ಷಣೆ ಇರುವ ಹಕ್ಕಿ, ಅಲ್ಲದೆ ಹಗೆ ಇನ್ನೂ ಜಾಸ್ತಿಯಾಗುತ್ತದೆ.

ಮರಿ ಹಾರಿದ ಮೇಲೆ ಅದು ತಾನಾಗಿಯೇ ಸುಮ್ಮನಾಗುತ್ತದೆ. ಆದರೆ ಜಾಗ ಬಿಟ್ಟು ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಗೂಡು ಕಟ್ಟಬಹುದು. ಹಾಗಾಗಿ ಡಿಸೆಂಬರ್ ನಂತರ ಹೆಂಡತಿ ಜೊತೆ ಆ ದಾರಿಯಲ್ಲಿ ಆಗಾಗ ನಿಧಾನವಾಗಿ ನಡೆದು ಬನ್ನಿ, ಹೆಲ್ಮೆಟ್ ಇಲ್ಲದೆ, ಮುಖ ಕಾಣುವ ಹಾಗೆ.